ರೇಡಿಯೇಟರಿನ ಎರಡು ಬೋಲ್ಟು

ಬೋಲ್ಟು ಕೊಳ್ಳಲು ಹೋಗುವವರು ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಡಿ. ಆ ಬೋಲ್ಟಿಗೆ ಕೂರಬೇಕಾದ ನಟ್ಟನ್ನೇ ಜೇಬಿಗೆ ಹಾಕಿಕೊಂಡು ಹೋಗಿ. ಕೌಂಟರಿನ ಹಿಂದಿರುವವನು ಎಷ್ಟೇ ತಿಳಿದವನಂತೆ ಮಾತಾಡಲಿ, ಅವನು ಕೊಟ್ಟ ಬೋಲ್ಟಿಗೆ ನಿಮ್ಮ ನಟ್ಟನ್ನು ಅಲ್ಲೇ ಏರಿಸಿ ಬೆರಳಿನಿಂದ ತಿರುಗಿಸಿ ನೋಡಿ. ಬೆರಳಿಗೆ ತಿರುಗಿದರೆ ಅದು ನಿಮ್ಮದು. ಮೊದಲ ಸುತ್ತಿಗೇ ಪಾನಾ, ಅಂದರೆ ಸ್ಪ್ಯಾನರು, ಬೇಕಾಯಿತೆಂದರೆ ಅದು ಇನ್ಯಾರದೋ. ಪೆಟ್ರೋಲು ಸುಟ್ಟು, ಅಂಗಡಿ ಅಂಗಡಿ ಅಲೆದು ಕಲಿತ ಮಾತು ಇದು. ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ. ನನ್ನಿಂದ ಪುಕ್ಕಟೆ ಏನಾದರೂ ಸಿಕ್ಕವರು ಕಡಿಮೆ.

ಟ್ರ್ಯಾಕ್ಟರು ನನ್ನ ಗಂಡನದು. ಅವರು ಇರುವಾಗ ನಾನು ಅದನ್ನು ಒಮ್ಮೆಯೂ ನಮ್ಮದು ಎಂದವಳಲ್ಲ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಬೆಳೆದ ಮನುಷ್ಯ ಇಲ್ಲಿಗೆ, ಈ ಪರದೇಶಕ್ಕೆ ಬಂದು ಬ್ರ್ಯಾಂಪ್ಟನ್ನಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟು ಓಡಿಸುತ್ತಿದ್ದರು. ನಾನೂ ಅದೇ ಗೋದಾಮಿನಲ್ಲಿ ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದೆ. ಗಿರಾಕಿಗಳು ವಾಪಸು ಕಳಿಸಿದ ಸಾಮಾನನ್ನು ಕಂಪನಿಗಳು ಪ್ಯಾಲೆಟ್ಟಿನ, ಅಂದರೆ ಮರದ ಹಲಗೆಯ ಮೇಲೆ ಕಟ್ಟಿದ ರಾಶಿಯ ಲೆಕ್ಕದಲ್ಲಿ ಹರಾಜು ಹಾಕುವುದನ್ನು ನೋಡಿ, ಕೆಲಸ ಬಿಟ್ಟು, ಅಂಥ ಪ್ಯಾಲೆಟ್ಟು ಕೊಂಡು ಬಿಡಿಬಿಡಿಯಾಗಿ ಮಾರುವುದನ್ನು ಶುರು ಮಾಡಿದೆ. ಮಿಕ್ಸರು, ಹೀಟರು, ಮಕ್ಕಳ ಕಾರ್‌ಸೀಟು, ಏನು ಬಂದರೆ ಅದು. ಮನೆಯ ಸಾಲ ತೀರಿಸಿದ್ದು ಆ ವ್ಯಾಪಾರ. ಹೀಗಿರುವಾಗ ಒಂದು ದಿನ ಇವರು ನನಗೆ ಒಂದು ಮಾತೂ ಹೇಳದೆ ಹರಾಜಿಗೆ ಹೋಗಿ, ಇಂಗ್ಲೆಂಡಿನಲ್ಲಿ ತಯಾರಾದ, ಬೂದು ಬಣ್ಣದ, ಎಂಜಿನ್ ಜಾಮ್ ಆದ ಮುದಿ ಟ್ರ್ಯಾಕ್ಟರೊಂದನ್ನು ಕೊಂಡುಬಂದರು. ಕೊಂಡದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ನನ್ನನ್ನು ಬಿಟ್ಟು ಹೋಗಿ ಕೊಂಡದ್ದಕ್ಕೆ. ನಾನು ಹೋಗಿದ್ದರೆ ಅರ್ಧಕ್ಕೆ ಮುಗಿಸುತ್ತಿದ್ದೆ.

ಮಿಲ್ಟನ್ ಊರಿನ ಅಂಚಿನಲ್ಲಿ ಒಬ್ಬ ಮುದುಕ ರೈತನ ಶೆಡ್ಡಿತ್ತು. ಅದರ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದರು. ಎಷ್ಟೋ ಭಾನುವಾರಗಳು ಅಲ್ಲೇ ಹೋದವು. ನಾನು ಚಹಾದ ಫ್ಲಾಸ್ಕು ಹಿಡಿದು ಹೋಗಿ, ಬಕೆಟ್ಟು ಬೋರಲು ಹಾಕಿ ಕೂತು, ಟಾರ್ಚು ಹಿಡಿಯುತ್ತಿದ್ದೆ. ಟಾರ್ಚು ಹಿಡಿದವರಿಗೆ ಕೆಲಸ ತಾನಾಗಿ ಬರುತ್ತದೆ, ಬೇಡವೆಂದರೂ. ಎಂಜಿನ್ನು ಬಿಚ್ಚಿ ಕೂಡಿಸಿದರು. ಒಂದು ಸಲ ಸ್ಟಾರ್ಟು ಮಾಡಿ, ನೀರಿಲ್ಲದ ಕಾರಣ ಬಿಸಿಯಾಗುವ ಮುಂಚೆಯೇ ನಿಲ್ಲಿಸಿದರು. ಅವರು ಅದರ ಸದ್ದು ಕೇಳಿದ್ದು ಅಷ್ಟೇ. ರೇಡಿಯೇಟರನ್ನು ರಿಪೇರಿ ಮಾಡಿಸಿ ತಂದು, ಕಂಬಳಿ ಸುತ್ತಿ ಗೋಡೆಗೆ ಆನಿಸಿ ಇಟ್ಟರು. ಅದೊಂದನ್ನು ಕೂರಿಸಿದರೆ ಮುಗಿಯಿತು ಎಂದರು. ಆ ಚಳಿಗಾಲ ಎದೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಮನೆಯಲ್ಲಿ ಸಾವಾದಾಗ ಬಂದ ನೆಂಟರಿಗೆ ನೆನಪಿಗೆಂದು ಏನನ್ನಾದರೂ ಕೊಡುವ ಮುಂಚೆ ಅದರ ಮುಚ್ಚಳ ತೆಗೆದು ನೋಡಿ. ಅಳುತ್ತಲೇ ಇರಿ, ಆದರೆ ನೋಡಿ. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ನನ್ನ ಮೈದುನ, ಅಂದರೆ ಗಂಡನ ತಮ್ಮ, ಗ್ಯಾರೇಜಿನಲ್ಲಿ ನಿಂತು, “ವೈನಿ, ಅಣ್ಣನ ಪಾನಾದ ಪೆಟಿಗಿ ನಾ ಒಯ್ಯಲೇನ್ರಿ? ನನ್ನ ಕಡೆ ಅವನ್ದು ಅಂತ ಏನೂ ಇಲ್ಲ,” ಎಂದು ಕೇಳಿದ. ಒಯ್ಯಿ ಎಂದೆ. ಎರಿನ್ ಮಿಲ್ಸ್‌ನಲ್ಲಿ ಅವನ ಮನೆ, ಶೆಡ್ಡಿನಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ. ಕಂಪ್ಯೂಟರಿನ ಕೆಲಸ. ಅವನ ಮನೆಯಲ್ಲಿ ಬಲ್ಬು ಬದಲಿಸಬೇಕಾದರೂ ಅಣ್ಣನೇ ಹೋಗುತ್ತಿದ್ದರು. ಅಣ್ಣ ಶೆಡ್ಡಿನಲ್ಲಿ ಮೈಮುರಿದ ಅಷ್ಟೂ ವರ್ಷ ಇವನು ಅಲ್ಲಿ ಕಾಲಿಟ್ಟವನಲ್ಲ. “ಗುಜರಿ ಎಲ್ಲಿಗ್ ಬಂತೋ ಅಣ್ಣಾ?” ಎಂದು ಫೋನಿನಲ್ಲಿ ನಗುತ್ತಿದ್ದ, ಅಷ್ಟೇ.

ವರ್ಷದ ತಿಥಿ ಮುಗಿಯಿತು. ಆಮೇಲಿನ ಬೇಸಿಗೆಯಲ್ಲಿ ಮುದುಕ ರೈತ ಫೋನು ಮಾಡಿದ. ಜಮೀನು ಮಾರಿಬಿಟ್ಟಿದ್ದಾನೆ, ಮನೆ ಕಟ್ಟುವವರು ಕೊಂಡಿದ್ದಾರೆ, ತಾನು ಉತ್ತರಕ್ಕೆ ಮಗಳ ಊರಿನ ಹತ್ತಿರ ಚಿಕ್ಕ ಜಾಗಕ್ಕೆ ಹೋಗುತ್ತಿದ್ದಾನೆ. ಅಕ್ಟೋಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಯೊಳಗೆ ಶೆಡ್ಡು ಖಾಲಿಯಾಗಬೇಕು. ರಜೆಯ ಶನಿವಾರ ಬೆಳಿಗ್ಗೆ ಅವನ ಟ್ರೇಲರು ಬರುತ್ತದೆ, ಮಧ್ಯಾಹ್ನ ಹಳೆ ಕಬ್ಬಿಣದವನು ಬರುತ್ತಾನೆ. ಟ್ರ್ಯಾಕ್ಟರು ತನ್ನ ಎಂಜಿನ್ನಿನ ಬಲದಲ್ಲೇ ಟ್ರೇಲರು ಹತ್ತಿದರೆ ನಾನೇ ಕೊಳ್ಳುತ್ತೇನೆ, ಓಡಿಸುತ್ತೇನೆ. ಹತ್ತದಿದ್ದರೆ ಹಳೆ ಕಬ್ಬಿಣದ ಜೊತೆ ಅದೂ ಹೋಗುತ್ತದೆ ಎಂದ. ಬೆಲೆಯ ಮಾತು ಅಲ್ಲೇ ಮುಗಿಸಿದೆ. ಅವನು ಹೇಳಿದ್ದಕ್ಕಿಂತ ಮೇಲೆಯೇ. ಆದರೆ ನಿಜ ಹೇಳುತ್ತೇನೆ, ಆ ಯಂತ್ರ ಕರಗಿಸುವವನ ಗಾಡಿ ಹತ್ತಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅದಕ್ಕೆ ಕಾರಣ ಕೇಳಿದರೆ ಹೇಳಲು ನನಗೆ ಬರುವುದಿಲ್ಲ.

ಶೆಡ್ಡಿಗೆ ಹೋಗಿ ಕಂಬಳಿ ಬಿಚ್ಚಿದೆ. ರೇಡಿಯೇಟರು ಇತ್ತು, ಪೈಪು ಇತ್ತು, ಕೆಳಗೆ ಹಾಸುವ ರಬ್ಬರಿನ ತುಂಡುಗಳೂ ಇದ್ದವು. ಅದನ್ನು ಹಿಡಿದು ನಿಲ್ಲಿಸುವ ಎರಡು ಬೋಲ್ಟು ಇರಲಿಲ್ಲ. ಅವುಗಳಲ್ಲೊಂದಕ್ಕೆ ಕೆಳಗಿನಿಂದ ಹೆಚ್ಚುವರಿಯಾಗಿ ಬಿಗಿದಿದ್ದ ಒಂದೇ ಒಂದು ನಟ್ಟು ಟ್ರ್ಯಾಕ್ಟರಿನ ಮೂತಿಯ ಮೇಲೆ ಉಳಿದಿತ್ತು.

ಎರಡು ಬೋಲ್ಟಿಗೆ ಇಷ್ಟು ರಾಮಾಯಣವೇ ಎನ್ನಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ದಪ್ಪವನ್ನು ಸೂತಿನಲ್ಲಿ ಹೇಳುತ್ತಾರೆ. ಇಂಚಿನ ಎಂಟನೆಯ ಒಂದು ಪಾಲು ಒಂದು ಸೂತು. ಮೂರು ಸೂತಿನ ಬೋಲ್ಟು ಎಂದು ಇವರು ಹೇಳುತ್ತಿದ್ದುದು ನೆನಪಿತ್ತು. ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಮೂರು ಸೂತನ್ನು ಇಂಚಿಗೆ ತಿರುಗಿಸಿ ಹೇಳಿ, ಗೆದ್ದವಳ ಹಾಗೆ ಮನೆಗೆ ಬಂದೆ. ದಪ್ಪ ಸರಿಯಾಗೇ ಇತ್ತು. ಥ್ರೆಡ್ಡು ಬೇರೆ. ಹಳೆಯ ನಟ್ಟಿನ ಥ್ರೆಡ್ಡು ಕೂದಲೆಳೆಯ ಹಾಗೆ ಸಣ್ಣ, ಹೊಸ ಬೋಲ್ಟಿನದು ದಪ್ಪ. ಸೂತು ಗೊತ್ತಿದ್ದವರಿಗೆ ಬೋಲ್ಟು ಗೊತ್ತು ಎಂಬುದು ನಮ್ಮ ಮಂದಿಯ ಭ್ರಮೆ. ಹುಬ್ಬಳ್ಳಿಯಲ್ಲಿ ಅಂಗಡಿಯವನು ಉಳಿದದ್ದನ್ನು ತಾನೇ ನೋಡಿ ಕೊಡುತ್ತಿದ್ದ; ಇಲ್ಲಿ ಕೇಳಿದ್ದನ್ನಷ್ಟೇ ಕೊಡುತ್ತಾರೆ. ಜೋರು ಮಾಡಿ ತಿರುಗಿಸಿದರೆ ಎರಕದ ಕಬ್ಬಿಣದ ಮೂತಿಯಲ್ಲಿ ಕೊರೆದ ಥ್ರೆಡ್ಡು ಹರಿದುಹೋಗುತ್ತದೆ, ಅದಕ್ಕೆ ಮತ್ತೆ ಮದ್ದಿಲ್ಲ.

ಥ್ರೆಡ್ಡಿನ ಜೊತೆಗೆ ಉದ್ದದ ಮಾತೂ ಇತ್ತು. ಆ ಬೋಲ್ಟಿಗೆ ತುದಿಯಲ್ಲಿ ಮಾತ್ರ ಥ್ರೆಡ್ಡಿರುತ್ತದೆ, ಮೇಲಿನ ಭಾಗ ನುಣ್ಣಗೆ, ಅದರ ಮೇಲೆ ಒಂದು ಸ್ಪ್ರಿಂಗು ಕೂರುತ್ತದೆ. ಟ್ರ್ಯಾಕ್ಟರು ಕುಲುಕಿದಾಗ ರೇಡಿಯೇಟರು ಅದರ ಮೇಲೆ ಚೂರು ತೂಗಬೇಕು. ಬಿಗಿಯಾಗಿ ಜಡಿದರೆ ಬೆಸುಗೆ ಬಿರುಕು ಬಿಟ್ಟು ನೀರು ಸೋರುತ್ತದೆ. ತಂತಿಯಲ್ಲಿ ಕಟ್ಟಿದರೆ ಜಾರಿ ಫ್ಯಾನಿಗೆ ಸಿಗುತ್ತದೆ. ಟಾರ್ಚು ಹಿಡಿದು ಕೂತಾಗ ಕೇಳಿದ ಪಾಠ ಇದೆಲ್ಲ.

ಬ್ರ್ಯಾಂಪ್ಟನ್ನಿನಲ್ಲಿ ಟ್ರಕ್ಕಿನ ಬಿಡಿಭಾಗದ ಅಂಗಡಿಗೆ ಹೋದೆ. ಪಂಜಾಬಿನ ಸರದಾರ, ನನಗೆ ಹಳೆಯ ಪರಿಚಯ. ನಟ್ಟನ್ನು ಬೆಳಕಿಗೆ ಹಿಡಿದು ನೋಡಿ, “ಭೈಣ್‌ಜೀ, ಯೇ ತೋ ಮ್ಯೂಸಿಯಂ ಮೇಂ ಮಿಲೇಗಾ,” ಎಂದ. ಮ್ಯೂಸಿಯಮ್ಮಿನಲ್ಲಷ್ಟೇ ಸಿಗುತ್ತದಂತೆ.

“ಮ್ಯೂಸಿಯಂವಾಲಾ ಡಿಸ್ಕೌಂಟ್ ನಹೀಂ ದೇತಾ ಭಾಯೀ, ಇಸೀಲಿಯೇ ಆಪ್ ಕೇ ಪಾಸ್ ಆಯೀ,” ಎಂದೆ, ಅವರು ಡಿಸ್ಕೌಂಟು ಕೊಡುವುದಿಲ್ಲ, ಅದಕ್ಕೇ ನಿಮ್ಮಲ್ಲಿಗೆ ಬಂದೆ ಎಂದು.

ನಕ್ಕ. ಥ್ರೆಡ್ಡು ಸರಿಯಿರುವ ಬೋಲ್ಟೊಂದನ್ನು ಹುಡುಕಿಯೂ ಕೊಟ್ಟ, ಆದರೆ ಅದು ಗಿಡ್ಡ. ಸ್ಪ್ರಿಂಗು ಹಾಕಿದರೆ ತುದಿ ಕೆಳಗೆ ಮುಟ್ಟುವುದೇ ಇಲ್ಲ. ಲೇತಿನಲ್ಲಿ ಕಡೆದು ಮಾಡಿಕೊಡುವ ವರ್ಕ್‌ಷಾಪಿನವನು ಥ್ಯಾಂಕ್ಸ್‌ಗಿವಿಂಗ್ ಆದಮೇಲೆ ಬಾ ಎಂದ. ಹಳೆ ಟ್ರ್ಯಾಕ್ಟರು ಒಡೆದು ಮಾರುವವನೊಬ್ಬ ದೂರದಲ್ಲಿದ್ದ. ಅವನ ಹತ್ತಿರ ಅಂಥದೇ ಟ್ರ್ಯಾಕ್ಟರಿನ ಮುಂಭಾಗ ಬಿದ್ದಿತ್ತು, ಬೋಲ್ಟೂ ಕಣ್ಣೆದುರಿಗೇ ಇದ್ದವು. ಕೊಂಡರೆ ಇಡೀ ಮುಂಭಾಗ ಕೊಳ್ಳು, ಬಿಚ್ಚಿ ಕೊಡುವುದಿಲ್ಲ ಎಂದ. ಚೌಕಾಸಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಎಣಿಸಿದ್ದವಳು ನಾನು. ಮಾರಲು ಮನಸ್ಸೇ ಇಲ್ಲದವನ ಮುಂದೆ ಯಾವ ಚೌಕಾಸಿಯೂ ನಡೆಯುವುದಿಲ್ಲ. ಹೊರಟುಹೋಗುವ ಹಾಗೆ ಕಾರಿನ ತನಕ ನಡೆದು ನೋಡಿದೆ. ಅವನು ಹಿಂದಿನಿಂದ ಕರೆಯಲಿಲ್ಲ.

ಆಗ ಮೈದುನನಿಗೆ ಫೋನು ಮಾಡಿದೆ. ಮುದುಕ ಹೇಳಿದ್ದನ್ನೆಲ್ಲ ಅವನಿಗೆ ಮೊದಲೇ ತಿಳಿಸಿದ್ದೆ.

“ಏನೋ, ಆ ಪಾನಾದ ಪೆಟಿಗ್ಯಾಗ ಎರಡು ಉದ್ದನ್ನ ಬೋಲ್ಟ್ ಅದಾವೇನ್ ನೋಡು. ಸ್ಪ್ರಿಂಗ್ ಇರತಾವ ಜೋಡಿಗೆ. ರೇಡಿಯೇಟರಿನವು.”

“ಇಲ್ಲರಿ ವೈನಿ. ಪಾನಾ, ಇಕ್ಕಳ ಬಿಟ್ಟರ ಏನಿಲ್ಲ.”

“ತೆಗದರ ನೋಡೋ.”

“ನೋಡೀನ್ರಿ. ಅಲ್ರಿ, ಅದನ್ನ ಮಾರಿ ಏನ್ ಮಾಡ್ತೀರಿ? ಅಣ್ಣನ ನೆನಪಲ್ಲೇನದು?”

“ನೆನಪು ಬೇಕಂದ್ರ ನಿನ್ನ ಗ್ಯಾರೇಜಿನಾಗ ಇಡು. ನಾನ ತಂದು ನಿಲ್ಲಸ್ತೀನಿ.”

“ನಮ್ಮ ಗ್ಯಾರೇಜಿನಾಗ ಕಾರ್ ಐತೆಲ್ರಿ.”

“ಮತ್ತ ಶನಿವಾರ ಗುಜರಿಯವನು ಒಯ್ತಾನ. ಹೇಳೀನಿ.”

“ಆನ್‌ಲೈನ್ ನೋಡ್ರಿ ವೈನಿ, ಎಲ್ಲಾ ಸಿಗತಾವ,” ಎಂದು ಫೋನಿಟ್ಟ. ಸ್ವಲ್ಪ ಹೊತ್ತಿಗೆ ಒಂದು ಲಿಂಕನ್ನೂ ಕಳಿಸಿದ. ನಾನು ಅದನ್ನು ನಂಬಿ ತರಿಸಿದೆ. ಬಂದ ಪೊಟ್ಟಣದಲ್ಲಿ ರಬ್ಬರು ಚೆನ್ನಾಗಿತ್ತು, ಸ್ಪ್ರಿಂಗೂ ಚೆನ್ನಾಗಿತ್ತು. ಬೋಲ್ಟಿಗೆ ಮತ್ತೆ ಅದೇ ದಪ್ಪ ಥ್ರೆಡ್ಡು.

ಆ ವರ್ಷ ನಮ್ಮ ಕಡೆಯವರು ಖಂಡೇನವಮಿ ಎನ್ನುವ ಆಯುಧಪೂಜೆ ಶುಕ್ರವಾರ ಬಂದಿತ್ತು, ದಸರಾ ಶನಿವಾರ. ಮುದುಕನ ಟ್ರೇಲರು ಬರುವ ಶನಿವಾರವೇ. ಸಾವಿನ ವರ್ಷ ಕಳೆದು ನಮ್ಮ ಮನೆತನ ಹಬ್ಬ ಮಾಡುತ್ತಿದ್ದುದು ಅದೇ ಮೊದಲು. ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸಂಜೆ ಬರಲೇಬೇಕೆಂದು ಕರೆದಿದ್ದಳು. ಬೋಲ್ಟು ಸಿಗದ ತಲೆಬಿಸಿಯಲ್ಲೇ ಹೋದೆ.

ಅವರ ಗ್ಯಾರೇಜಿನಲ್ಲಿ ಪೂಜೆ. ಕಾರಿಗೆ ಚೆಂಡುಹೂವಿನ ಮಾಲೆ, ಚಕ್ರದ ಕೆಳಗೆ ಲಿಂಬೆಹಣ್ಣು. ಮುಂದೆ ಮಣೆಯ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕದಲ್ಲಿ ನನ್ನ ಗಂಡನ ಪಾನಾದ ಪೆಟ್ಟಿಗೆ, ಮುಚ್ಚಳ ತೆರೆದು. ಪಾನಾಗಳನ್ನು ತೊಳೆದು, ಒರೆಸಿ, ಗಾತ್ರದ ಪ್ರಕಾರ ಜೋಡಿಸಿದ್ದ. ಅಣ್ಣ ಇದ್ದಾಗ ಒಂದನ್ನೂ ಮುಟ್ಟಿದವನಲ್ಲ. ನಾಲ್ಕೈದು ಮನೆಯವರು ಬಂದಿದ್ದರು. ನೆಗೆಣ್ಣಿ ಹೆಂಗಸರಿಗೆ ಅರಿಸಿನ ಕುಂಕುಮದ ತಟ್ಟೆ ಹಿಡಿದುಕೊಂಡು ಬಂದಳು. ನನ್ನ ಹತ್ತಿರ ಬಂದಾಗ ತಟ್ಟೆ ಚೂರು ನಿಂತಿತು, ಆಮೇಲೆ ಪಕ್ಕದವಳ ಕಡೆಗೆ ಸರಿಯಿತು. ಕಣ್ಣು ಬೇರೆ ಕಡೆ ಇರಲೆಂದು ಪೂಜೆಯ ಮಣೆಯನ್ನು ನೋಡಿದೆ.

ವೀಳ್ಯದೆಲೆಯ ಮೇಲೆ ಎರಡು ಬೋಲ್ಟು ನೆಟ್ಟಗೆ ನಿಂತಿದ್ದವು. ತುದಿಯಲ್ಲಿ ಮಾತ್ರ ಥ್ರೆಡ್ಡು, ಮೇಲೆಲ್ಲ ನುಣ್ಣಗೆ. ಪಕ್ಕದಲ್ಲಿ ಸ್ಪ್ರಿಂಗು. ಎರಡರ ತಲೆಗೂ ಕುಂಕುಮ.

ಜೇಬಿನಲ್ಲಿ ನಟ್ಟಿತ್ತು. ಎದ್ದು ಹೋಗಿ, ಕೂತು, ಒಂದು ಬೋಲ್ಟಿಗೆ ಕೈ ಚಾಚಿದೆ.

“ವೈನಿ, ಮುಟ್ಟಬ್ಯಾಡ್ರಿ,” ಎಂದ ಮೈದುನ. “ಪೂಜಿಗೆ ಇಟ್ಟದ್ದು. ನಾಳೆ ತೆಗೀಬೇಕು.”

“ನಾ ಕೇಳಿದ್ನೆಲ್ಲೋ.”

“ಕೇಳಿದ್ರಿ.”

“ಇಲ್ಲ ಅಂದೆಲ್ಲ.”

ಬಂದವರು ತಿರುಗಿ ನೋಡಿದರು. ಅವನು ನನ್ನನ್ನು ಪಕ್ಕಕ್ಕೆ ಕರೆದ. ನಾನು ಏಳಲಿಲ್ಲ. ಕೊನೆಗೆ ಅವನೇ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದ. “ಕೊಟ್ಟರ ಮಾರತೀರಿ ಅಂತ ಗೊತ್ತಿತ್ತರಿ.”

“ಕೊಡದಿದ್ರ ಕರಗಸ್ತಾರ ಅಂತ ಗೊತ್ತಿರಲಿಲ್ಲೇನು?”

“ಆ ಮುದುಕ ಸುಮ್ನ ಅಂತಾನ. ಬೋಲ್ಟ್ ಸಿಗಲಿಲ್ಲ ಅಂದ್ರ ನೀವೂ ಸುಮ್ನ ಆಗತೀರಿ, ಅದು ಅಲ್ಲೇ ಇರತೈತಿ ಅಂತ ಮಾಡಿದ್ದೆ.”

“ಎಲ್ಲಿ ಇರತೈತಿ? ಶೆಡ್ಡ ಇರಂಗಿಲ್ಲಲ್ಲ.”

ಅವನಿಗೆ ಸಿಟ್ಟು ಬಂತು. “ನೀವು ವ್ಯಾಪಾರದ ಮಂದಿ ವೈನಿ. ಎಲ್ಲಾದಕ್ಕೂ ರೇಟ್ ಹಚ್ಚತೀರಿ,” ಎಂದ.

“ಹಚ್ಚತೀನಿ. ನೀ ಈ ದೇಶಕ್ಕ ಬಂದ ವಿಮಾನದ ಟಿಕೀಟಿಗೂ ನಾನ ರೇಟ್ ಹಚ್ಚಿ ರೊಕ್ಕ ಕೊಟ್ಟದ್ದು. ಆವಾಗ ಸಿಹಿ ಇತ್ತಲ್ಲ?”

ನೆಗೆಣ್ಣಿ ಅಡುಗೆಮನೆಯ ಬಾಗಿಲಿನಿಂದ, “ಅಕ್ಕಾ, ಊಟಕ್ಕ ಏಳ್ರಿ,” ಎಂದಳು. ಯಾರೂ ಏಳಲಿಲ್ಲ. ಮೈದುನ ಬೋಲ್ಟಿನ ಕಡೆ ಕೈ ತೋರಿಸಿ, “ಒಂದು ತಗೋರಿ. ಒಂದು ನನಗ ಇರಲಿ,” ಎಂದ.

ಜೀವಮಾನವಿಡೀ ಅರ್ಧಕ್ಕೆ ಇಳಿಸಿ ಕೊಂಡವಳು ನಾನು. ಅರ್ಧವನ್ನು ತಾನಾಗಿ ತಂದು ಮುಂದಿಟ್ಟ ಮೊದಲ ಮನುಷ್ಯ ಇವನು. “ಒಂದು ಬೋಲ್ಟಿನ ಮ್ಯಾಲ ರೇಡಿಯೇಟರ್ ನಿಂದರಂಗಿಲ್ಲೋ,” ಎಂದೆ. “ನಿನ್ನ ಅಣ್ಣನ್ನ ಒಂದು ಭಾನುವಾರ ಕೇಳಿದ್ರ ಹೇಳತಿದ್ರು. ನಾಳೆ ಮುಂಜಾನೆ ಬರತೀನಿ. ಎರಡೂ ಇಟ್ಟಿರು, ಸ್ಪ್ರಿಂಗ್ ಸಹಿತ.”

ಊಟ ಮಾಡದೆ ಬಂದೆ. ಬೋಲ್ಟನ್ನು ಆಗಲೇ ಎತ್ತಿಕೊಂಡು ಬರಬಹುದಿತ್ತಲ್ಲ ಎಂದು ಕೇಳುವವರಿರುತ್ತಾರೆ. ಪೂಜೆಗೆ ಇಟ್ಟ ಕಬ್ಬಿಣವನ್ನು ಆ ದಿನ ಕದಲಿಸುವುದಿಲ್ಲ. ನನ್ನ ಗಂಡ ಖಂಡೇನವಮಿಯಂದು ಮೊಳೆ ಕೂಡ ಹೊಡೆಯುತ್ತಿರಲಿಲ್ಲ. ಅವರ ಪಾನಾಗಳ ಎದುರಿಗೇ ಅದನ್ನು ಮುರಿಯಲು ಕೈ ಬರಲಿಲ್ಲ. ಮೈದುನನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ಇಟ್ಟನೇ ಎಂಬುದನ್ನು ನಾನು ಇಂದಿಗೂ ಲೆಕ್ಕ ಹಾಕುತ್ತಿದ್ದೇನೆ. ಒಂದೊಂದು ದಿನ ಹೌದು ಅನಿಸುತ್ತದೆ. ಒಂದೊಂದು ದಿನ, ಪಾಪ, ಅವನಿಗೆ ಅಣ್ಣನದೆಂದು ಹಿಡಿದುಕೊಳ್ಳಲು ಬೇರೇನಿತ್ತು ಅನಿಸುತ್ತದೆ. ಪಾಪ ಅನಿಸಿದ ದಿನ ನನ್ನ ಮೇಲೇ ಸಿಟ್ಟು ಬರುತ್ತದೆ.

ಬೆಳಿಗ್ಗೆ ಬಾಗಿಲು ತೆರೆದವಳು ನೆಗೆಣ್ಣಿ. ಬೋಲ್ಟು, ಸ್ಪ್ರಿಂಗು ಎಲ್ಲ ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದಳು. ಅದರ ಮೇಲೆ ಒಂದು ಎಲೆ. ದಸರೆಗೆ ನಮ್ಮಲ್ಲಿ ಬನ್ನಿ ಎಲೆ ಕೊಟ್ಟು, ವರ್ಷದ ಜಗಳ ಮರೆತು ಬಂಗಾರದ ಹಾಗೆ ಇರೋಣ ಎನ್ನುತ್ತಾರೆ. ಇಲ್ಲಿ ಬನ್ನಿ ಗಿಡವೆಲ್ಲಿ ಬರಬೇಕು. ಅಂಗಳದ ಬೇಲಿಯದೇ ಎಲೆ.

“ಬಂಗಾರದಂಗ ಇರೂಣ್ರಿ ಅಕ್ಕಾ,” ಎಂದಳು.

“ಅವ ಎಲ್ಲೆ?”

“ಮಲಗ್ಯಾರ್ರಿ.”

ಮೇಲಿನ ಕೋಣೆಯ ಪರದೆ ಅಲ್ಲಾಡಿದ್ದನ್ನು ನಾನೂ ನೋಡಿದೆ, ಅವಳೂ ನೋಡಿದಳು. ಎಲೆಯನ್ನು ತೆಗೆದುಕೊಂಡೆ. ಅವಳ ಮಾತನ್ನು ತಿರುಗಿ ಹೇಳಲಿಲ್ಲ.

ಶೆಡ್ಡಿನಲ್ಲಿ ಮುದುಕ ಕಾಯುತ್ತಿದ್ದ. ಇಬ್ಬರೂ ಸೇರಿ ರೇಡಿಯೇಟರನ್ನು ಎತ್ತಿ ರಬ್ಬರಿನ ಮೇಲೆ ಕೂರಿಸಿದೆವು. ಸ್ಪ್ರಿಂಗು ಏರಿಸಿ ಬೋಲ್ಟನ್ನು ತೂತಿಗೆ ಇಳಿಸಿ ತಿರುಗಿಸಿದೆ. ಬೆರಳಿಗೆ ತಿರುಗಿತು. ಎಣ್ಣೆಯಲ್ಲಿ ಜಾರಿದ ಹಾಗೆ ಕೊನೆಯ ತನಕ ಬೆರಳಿನಲ್ಲೇ ಹೋಯಿತು. ಎರಡನೆಯದೂ ಹಾಗೇ. ಜೇಬಿನ ನಟ್ಟನ್ನು ಕೆಳಗಿನಿಂದ ಅದರ ತುದಿಗೆ ಏರಿಸಿದೆ. ಪಾನಾ ಹಿಡಿದು ಕೊನೆಯ ಸುತ್ತು ಕೊಡುವಾಗ ಮುದುಕ ಇನ್ನೂ ಬಿಗಿ ಮಾಡು ಎಂದ. ಬೇಡ, ಸ್ಪ್ರಿಂಗು ಆಡಲು ಜಾಗ ಬಿಡಬೇಕು ಎಂದೆ. ಹೌದಲ್ಲ ಎಂದ. ಬೋಲ್ಟಿನ ತಲೆಯ ಕೆಂಪನ್ನು ನೋಡಿ ಇದೇನು ಬಣ್ಣ ಎಂದು ಕೇಳಿದ. ಗುರುತಿಗೆ ಹಚ್ಚಿದ್ದು, ಬಿಸಿಗೆ ಹೋಗುತ್ತದೆ ಎಂದೆ. ಅಷ್ಟಕ್ಕಿಂತ ಹೆಚ್ಚು ಇಂಗ್ಲಿಷು ನನಗೆ ಆ ಹೊತ್ತು ಬೇಕಾಗಿರಲಿಲ್ಲ.

ನೀರು ತುಂಬಿದೆವು. ಸ್ಟಾರ್ಟು ಮಾಡಿದೆ. ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಈ ಸಲ ನಿಲ್ಲಿಸಬೇಕಾಗಿರಲಿಲ್ಲ. ಬಿಸಿಯಾಯಿತು, ಸೋರಲಿಲ್ಲ, ಸದ್ದು ತಗ್ಗಿ ಒಂದೇ ಸಮನಾಯಿತು. ನಾನು ಬಕೆಟ್ಟು ಬೋರಲು ಹಾಕಿ ಸ್ವಲ್ಪ ಹೊತ್ತು ಕೂತೆ. ಮುದುಕ ಟೋಪಿ ತೆಗೆದ. ಆಮೇಲೆ ಅವನೇ ಹತ್ತಿ ಕೂತು ನಿಧಾನಕ್ಕೆ ಟ್ರೇಲರಿನ ಮೇಲೆ ಏರಿಸಿದ. ಹಳೆ ಕಬ್ಬಿಣದವನು ಬಂದು ಉಳಿದದ್ದನ್ನು ತುಂಬುವ ಹೊತ್ತಿಗೆ ಅದು ಹೆದ್ದಾರಿಯಲ್ಲಿತ್ತು. ನನಗೆ ಬೇಕಾದ ಬೆಲೆ ಬಂತು. ಒಂದು ಪೈಸೆಯೂ ಬಿಡಲಿಲ್ಲ. ಮನೆಗೆ ಬಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ; ಅಂಥ ಬೆಲೆಯನ್ನು ಹೇಳಿಕೊಂಡು ನಾನು ರೇಗಿಸುತ್ತಿದ್ದುದೇ ನನ್ನ ಗಂಡನನ್ನು.

ಸಂಜೆ ಮೈದುನನ ಮೆಸೇಜು ಬಂತು. ಬನ್ನಿ ಇಲ್ಲ, ಬಂಗಾರ ಇಲ್ಲ, ತಪ್ಪಾಯಿತು ಎಂಬ ಮಾತಿಲ್ಲ. “ವೈನಿ, ಚಾಲೂ ಆತೇನ್ರಿ? ವಿಡಿಯೋ ತೆಗದಿದ್ರ ಕಳಸ್ರಿ. ಅಣ್ಣನ ಎಂಜಿನ್ ಸೌಂಡ್ ನಾ ಒಮ್ಮೆನೂ ಕೇಳಿಲ್ಲ.”

ಶೆಡ್ಡು ಇದ್ದಷ್ಟು ವರ್ಷ ಅದರ ಬಾಗಿಲು ತೆರೆದೇ ಇತ್ತು. ಅವನ ಮನೆಯಿಂದ ಕಾರಿನಲ್ಲಿ ಎಷ್ಟು ದೂರ?

ವಿಡಿಯೋ ತೆಗೆದಿದ್ದೇನೆ. ಸದ್ದು ಸ್ಪಷ್ಟವಾಗಿ ಬಂದಿದೆ. ಹಬ್ಬ ಹುಣ್ಣಿಮೆಗೆ ಅವನು ಮತ್ತೆ ಕೇಳುತ್ತಾನೆ, ಹುಡುಕುತ್ತೇನೆ ಎನ್ನುತ್ತೇನೆ. ಇನ್ನೂ ಕಳಿಸಿಲ್ಲ.